ಪುಕ್ಕಟೆ ಕೊಟ್ಟಾಗ ಓದಲಿಲ್ಲ, ಹತ್ತು ರೂಪಾಯಿಗೆ ಕೊಂಡು ಓದಿದರು

ಕ್ಯಾಂಪಸ್ಸಿನಲ್ಲಿ ನಾವು ತರುವ ವಿಡಂಬನಾ ಪತ್ರಿಕೆಯ ಏಳನೇ ಸಂಚಿಕೆ ಎರಡೇ ದಿನದಲ್ಲಿ ಖಾಲಿಯಾಯಿತು. 200 ಪ್ರತಿ. 'ರೀಲ್ಸ್ ಕಾಲದಲ್ಲಿ ಕಾಗದ ಯಾರು ಓದ್ತಾರೋ' ಅಂದಿದ್ದ ರೂಮ್‌ಮೇಟೇ ಎರಡು ಪ್ರತಿ ಕೊಂಡ. ಖುಷಿ ತಡೆಯಲಾಗದೆ ಬರೆಯುತ್ತಿದ್ದೇನೆ.

ಮೊದಲ ಸಂಚಿಕೆಗೆ ಸುಮಾರು 6,000 ಹೋಯಿತು. ನಾಲ್ಕು ಜನ ಸ್ಕಾಲರ್‌ಶಿಪ್ ದುಡ್ಡು ಹಾಕಿ, ಆಫ್‌ಸೆಟ್‌ನಲ್ಲಿ 500 ಪ್ರತಿ ಹೊಡೆಸಿ ಪುಕ್ಕಟೆ ಹಂಚಿದೆವು. ಮಾರನೇ ದಿನ ಮೆಸ್ಸಿನ ಒದ್ದೆ ಟೇಬಲ್ ಒರೆಸಲು ಅದೇ, ಮೈದಾನದಲ್ಲಿ ಕೂರಲು ಹಾಸಿಕೊಂಡದ್ದೂ ಅದೇ. ಸಾಲದ್ದಕ್ಕೆ ಅಕ್ಷರವೂ ಕೆಟ್ಟಿತ್ತು. ನಾವು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು, ಪ್ರೆಸ್ಸಿನವರದು ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್. ಅದಕ್ಕೆ ಹೊಂದುವ ನುಡಿ ಫಾಂಟಿಗೆ ಬದಲಿಸುವಾಗ ಅರ್ಕಾವತ್ತುಗಳು ಎಲ್ಲೆಲ್ಲೋ ಹೋಗಿ ಕೂತವು. ನಗಬೇಕಾದ ಸಾಲಿನಲ್ಲೇ ಅಕ್ಷರ ತಪ್ಪಿದರೆ ಯಾರು ನಗುತ್ತಾರೆ? ಈಗ ಲಿಬ್ರೆಆಫೀಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನಾವೇ ಪುಟ ಕಟ್ಟಿ ಪಿಡಿಎಫ್ ಕೊಡುತ್ತೇವೆ.

ಎರಡನೆಯದರಲ್ಲಿ ಇನ್ನೂ ದೊಡ್ಡ ತಪ್ಪು. ಒಬ್ಬ ಮೇಷ್ಟ್ರು ಮಾತಾಡುವ ರೀತಿಯನ್ನು ಆಡಿಕೊಂಡೆವು. ಅವರು ಬೈಯಲಿಲ್ಲ, ಎರಡು ದಿನ ಕ್ಲಾಸಿಗೇ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವತ್ತಿನಿಂದ ಯಾರದೇ ಹೆಸರು, ಮೈಬಣ್ಣ, ಜಾತಿ, ಊರಿನ ಮಾತು ಮುಟ್ಟಿಲ್ಲ. ನೋಟಿಸ್ ಬೋರ್ಡೇ ಬೇಕಾದಷ್ಟಿದೆ ಅಲ್ವಾ? 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಅಂತ ಶುರುಮಾಡಿ, ಸಾಂಬಾರಿನಲ್ಲಿ ಕಾಣೆಯಾದ ಬೇಳೆಯನ್ನು ಪತ್ತೆಹಚ್ಚಿ ಕೊಡಬೇಕೆಂದು ಸುತ್ತೋಲೆ ಬರೆದೆವು. ಮೂರನೇ ಸಂಚಿಕೆ ಓಡಿದ್ದೇ ಅದರಿಂದ. ಮೆಸ್ಸಿನ ಅಡುಗೆಯವರೇ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು.

ಬೆಲೆ ಇಟ್ಟದ್ದೂ ಆ ಸಂಚಿಕೆಯಿಂದಲೇ. ಎಲ್ಲರೂ ಬೇಡ ಅಂದರು, ನಾನು ಹಟ ಹಿಡಿದೆ. ನಾಲ್ಕು ಎ4 ಹಾಳೆ, ಮಡಚಿದರೆ 16 ಪುಟ, ನಡುವೆ ಎರಡು ಪಿನ್. ರಿಸೋದಲ್ಲಿ (ಕಡಿಮೆ ಖರ್ಚಿನಲ್ಲಿ ಪ್ರತಿ ತೆಗೆಯುವ ಯಂತ್ರ) 200 ಪ್ರತಿಗೆ 1,600ರ ಆಸುಪಾಸು, ಅಂದರೆ ಒಂದಕ್ಕೆ 8. ಮಾರುವುದು 10ಕ್ಕೆ. ದುಡ್ಡು ಕೊಟ್ಟವರು ಕೊನೇ ಪುಟದವರೆಗೂ ಓದುತ್ತಾರೆ, ಚೆನ್ನಾಗಿಲ್ಲದಿದ್ದರೆ ಹುಡುಕಿಕೊಂಡು ಬಂದು ಜಗಳವಾಡುತ್ತಾರೆ. ಯಾವ ಹೊತ್ತಿಗೆ, ಎಲ್ಲಿ ನಿಂತು ಮಾರುತ್ತೇವೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ಎರಡು ಸಂಚಿಕೆ ಹಿಡಿದಿದೆ.

ನಡುವೆ ಕ್ಯಾಂಟೀನ್ ಹತ್ತಿರ ಗೋಡೆಪತ್ರಿಕೆಯನ್ನೂ ಮಾಡಿ ನೋಡಿದೆವು. ಜನ ಮುತ್ತಿಕೊಂಡರು, ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿಕೊಂಡರು. ಆ ತಿಂಗಳು 200ರಲ್ಲಿ 70 ಉಳಿದವು. ಈಗ ಗೋಡೆ ಮೇಲೆ ಅರ್ಧ ಬರಹ ಮಾತ್ರ, ಉಳಿದರ್ಧ ಪತ್ರಿಕೆಯೊಳಗೆ.

ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ' 25 ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ಇನ್ನೂ ಹುಡುಗರಾಗಿದ್ದಾಗಲೇ ಅದಕ್ಕೆ ಚಿತ್ರ ಬರೆದಿದ್ದರು. ನಮ್ಮಲ್ಲೂ ಮೊದಲನೇ ವರ್ಷದ ಒಬ್ಬ ಹುಡುಗಿ ಪರೀಕ್ಷೆ ಹಾಳೆಯ ಹಿಂದೆ ಬಿಡಿಸಿದ್ದ ಚಿತ್ರ ನೋಡಿ ಕರೆದುಕೊಂಡು ಬಂದಿದ್ದೇನೆ. ಎಂಟನೇ ಸಂಚಿಕೆಯ ಮುಖಪುಟ ಅವಳದೇ. 40 ಪ್ರತಿಯ ದುಡ್ಡು ಮುಂಗಡವಾಗಿ ಬಂದಿದೆ.