ರಂಗೋಲಿ, ಅಕ್ಕಿ ಮೂಟೆ ಮತ್ತು ಹರಿದ ತೊಡೆ

2024ರ ಜುಲೈ 30, ಮಂಗಳವಾರ, ಸಂಜೆ ನಾಲ್ಕೂಕಾಲು. ವಲಯ ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಹುಡುಗಿಯರ ರಿಲೇ ತಂಡ ತಯಾರಾಗುತ್ತಿತ್ತು. ಬ್ಯಾಟನ್ ಇಸ್ಕೊಳ್ಳುವ ಒಬ್ಬಳು ಪ್ರತಿ ಸಲವೂ ಹಿಂದೆ ತಿರುಗಿ ನೋಡುತ್ತಿದ್ದಳು. ಹೇಳಿ ಹೇಳಿ ಸಾಕಾಗಿ, "ಪಕ್ಕಕ್ಕೆ ಬಾ, ನಾನು ತೋರಿಸ್ತೀನಿ" ಅಂದೆ. ಜಿಟಿಜಿಟಿ ಮಳೆ ಆಗಷ್ಟೇ ನಿಂತು ಗಾಳಿ ತಣ್ಣಗಿತ್ತು. ಒಂದು ಗಂಟೆಯಿಂದ ಸುಮ್ನೆ ನಿಂತೇ ಇದ್ದೆ. ವಾರ್ಮ್‌ಅಪ್ ಇಲ್ಲ, ಮೈಮೇಲೆ ಚೂಡಿದಾರ. ಆರನೇ ಹೆಜ್ಜೆಗೋ ಏಳನೇ ಹೆಜ್ಜೆಗೋ ಬಲ ತೊಡೆಯ ಹಿಂದೆ ಯಾರೋ ಕಲ್ಲು ಬೀಸಿ ಹೊಡೆದ ಹಾಗಾಯಿತು. ನಿಜವಾಗಲೂ ತಿರುಗಿ ನೋಡಿದೆ. "ಯಾರೂ ಹೊಡೆದಿಲ್ಲ ಮಿಸ್" ಅಂದಳು ಅದೇ ಹುಡುಗಿ.

ನಾನು ಮೈಸೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮಿಸ್. ಆಗ ವಯಸ್ಸು 41. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ ವಯಸ್ಸಿನ ಪ್ರಕಾರ ಐದೈದು ವರ್ಷಕ್ಕೊಂದು ಗುಂಪು ಇರುತ್ತದೆ. 40 ದಾಟಿದವರ ಗುಂಪಿನಲ್ಲಿ ನಾನು 200 ಮತ್ತು 400 ಮೀಟರ್ ಓಡುತ್ತೇನೆ. ವಾರ್ಮ್‌ಅಪ್ ಮಾಡದೆ ಓಡಿದ ಮಕ್ಕಳಿಗೆ ಮೈದಾನದ ಸುತ್ತ ಎರಡು ರೌಂಡ್ ಶಿಕ್ಷೆ ಕೊಡುವವಳೂ ನಾನೇ.

ಮೊದಲ ಎರಡು ದಿನ ನಾನು ಮಾಡಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಬಟ್ಟೆಯಲ್ಲಿ ಐಸ್ ಸುತ್ತಿ ಇಟ್ಟೆ, ಕ್ರೇಪ್ ಬ್ಯಾಂಡೇಜ್ ಕಟ್ಟಿದೆ, ಕಾಲು ಮೇಲೆತ್ತಿ ಮಲಗಿದೆ. ನಾವು ಓದುವಾಗ ಕಲಿತ ಪಾಠವೇ ಅದು. ವಿಶ್ರಾಂತಿ, ಐಸ್, ಬಿಗಿ ಕಟ್ಟು, ಕಾಲು ಎತ್ತರ ಅನ್ನುವ ಈ ಸೂತ್ರವನ್ನು 1978ರಲ್ಲಿ ಬರೆದವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯುವುದನ್ನು ನಿಧಾನ ಮಾಡಬಹುದು ಅಂತ ಮುಂದೆ ಅವರೇ ಒಪ್ಪಿಕೊಂಡರು. ನನಗೆ ಐಸ್‌ನಿಂದ ನೋವು ಕಡಿಮೆಯಾಯಿತು, ಅಷ್ಟಕ್ಕೆ ಅದು ಸಾಕು. ತಪ್ಪು ಮಾಡಿದ್ದು ಎರಡನೇ ದಿನ. ಅತ್ತೆ ಎಣ್ಣೆ ಬಿಸಿ ಮಾಡಿಕೊಂಡು ಬಂದರು. "ನರ ಸರಿದಿದೆ ಕಣೇ, ನೀವಿದ್ರೆ ಕೂತ್ಕೊಳ್ಳುತ್ತೆ" ಅಂದರು. ನಮ್ಮ ಕಡೆ ಮೈಯಲ್ಲಿ ಏನು ಹಿಡಿದುಕೊಂಡರೂ ಅದು ನರವೇ. ಹರಿದಿರುವುದು ಸ್ನಾಯು ಅಂತ ನನಗೆ ಗೊತ್ತಿತ್ತು. ಒಳಗೆ ಇನ್ನೂ ರಕ್ತ ಜಿನುಗುತ್ತಿರುವ ಜಾಗವನ್ನು ಬಿಸಿ ಮಾಡಿ ಉಜ್ಜಬಾರದು ಅಂತಲೂ ಗೊತ್ತಿತ್ತು. ಆದರೆ ಅತ್ತೆ ಅಷ್ಟು ಪ್ರೀತಿಯಿಂದ ಕೂತಿದ್ದರು. ಬೋರಲು ಮಲಗಿದೆ. ರಾತ್ರಿ ತೊಡೆ ಊದಿ, ಮಗ್ಗುಲು ಬದಲಿಸಲೂ ಆಗಲಿಲ್ಲ.

ನಾಲ್ಕನೇ ದಿನ ಮೊಣಕಾಲಿನ ಹಿಂದೆ ನೇರಳೆ ಬಣ್ಣದ ಮಚ್ಚೆ ಮೂಡಿತು. ಹರಿದದ್ದು ಮೇಲೆ, ಕಪ್ಪಾಗಿದ್ದು ಕೆಳಗೆ. ರಕ್ತ ಇಳಿಜಾರು ಹಿಡಿದು ಬಂದಿತ್ತು ಅಷ್ಟೇ, ಆದರೆ ಮನೆಯವರೆಲ್ಲ ಗಾಬರಿಯಾದರು. ಹತ್ತಿರದ ಕ್ಲಿನಿಕ್‌ನಲ್ಲಿ ನೋವಿನ ಮಾತ್ರೆ ಬರೆದುಕೊಟ್ಟು, "ಒಂದು ವಾರ ರೆಸ್ಟ್, ಆಮೇಲೆ ಮಾಮೂಲಿ" ಅಂದರು. ಮಂಚದ ಮೇಲೆ ಮಲಗಿಸಿ ಮುಟ್ಟಿಯೂ ನೋಡಲಿಲ್ಲ. ನನಗೂ ಆ ಮಾತೇ ಬೇಕಾಗಿತ್ತು, ಹಾಗಾಗಿ ಇನ್ನೊಬ್ಬರನ್ನು ಕೇಳಲು ಹೋಗಲಿಲ್ಲ.

ಆಗಸ್ಟ್ 8ರ ರಾತ್ರಿ ಹಾಗೆ ಮಲಗಿಕೊಂಡೇ ಪ್ಯಾರಿಸ್ ಒಲಿಂಪಿಕ್ಸ್ ನೋಡಿದೆ. ನೀರಜ್ ಚೋಪ್ರಾ 89.45 ಮೀಟರ್ ಎಸೆದು ಬೆಳ್ಳಿ ಗೆದ್ದರು. ತೊಡೆಸಂದಿನ ನೋವು ತುಂಬಾ ದಿನದಿಂದ ಕಾಡುತ್ತಿದೆ, ಎಸೆಯುವಾಗ ಗಮನವೆಲ್ಲ ಅಲ್ಲೇ ಹೋಗುತ್ತದೆ ಅಂತ ಅವರು ಹೇಳಿಕೊಂಡರು. ಅದೇ ನೋವಿಂದ 2022ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನೂ ಬಿಟ್ಟಿದ್ದರು. ಅದನ್ನು ಕೇಳಿ ನಾನು ಹುಷಾರಾಗಬೇಕಿತ್ತು. ನಾನು ತೆಗೆದುಕೊಂಡ ಅರ್ಥವೇ ಬೇರೆ. ಅವರು ಆ ನೋವಿನಲ್ಲಿ ಒಲಿಂಪಿಕ್ಸ್ ಪದಕ ಗೆಲ್ಲುತ್ತಾರೆ, ನನಗೆ ಒಂದು 200 ಮೀಟರ್ ಆಗಲ್ವಾ ಅಂತ!

ಆಗಸ್ಟ್ 16 ವರಮಹಾಲಕ್ಷ್ಮಿ ಹಬ್ಬ. ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಕುಕ್ಕರಗಾಲಲ್ಲಿ ಕೂತು ಹಾಕುವುದು ನನಗೆ ಅಭ್ಯಾಸವಿಲ್ಲ. ನಿಂತು, ಮಂಡಿ ಮಡಿಸದೆ ಸೊಂಟದಿಂದ ಬಗ್ಗಿಯೇ ಹಾಕುತ್ತೇನೆ. ಮೂರನೇ ಸಾಲಿನ ಚುಕ್ಕಿ ಇಡುವಾಗ ಕೂರುವ ಮೂಳೆಯ ಕೆಳಗೆ, ಅಂಗೈಯಷ್ಟು ಜಾಗದಲ್ಲಿ, ದಾರ ಎಳೆದ ಹಾಗೆ ಒಂದು ಸಣ್ಣ ಸೆಳೆತ. ಬಲಗಾಲನ್ನು ಸ್ವಲ್ಪ ಮಡಿಸಿಕೊಂಡು ಮುಂದುವರಿಸಿದೆ. ಆಮೇಲೆ ಇಡೀ ದಿನ ನಿಂತೆ, ಅಡುಗೆ ಮಾಡಿದೆ, ಬಂದವರಿಗೆಲ್ಲ ಕುಂಕುಮ ಕೊಟ್ಟೆ. ನೋವೇ ಇಲ್ಲ. ಸರಿ, ವಾಸಿಯಾಯಿತು ಅಂದುಕೊಂಡೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಹೋದೆ. ಈ ಸಲ ವಾರ್ಮ್‌ಅಪ್ ಎಲ್ಲ ನೀಟಾಗಿ ಮಾಡಿದೆ. ಎರಡು ಸುತ್ತು ಜಾಗಿಂಗ್ ಆರಾಮಾಗಿ ಆಯಿತು. ನೇರ ಟ್ರ್ಯಾಕಿನಲ್ಲಿ ಸ್ವಲ್ಪ ವೇಗ ಹೆಚ್ಚಿಸಿದೆ. ಅದೇ ಜಾಗ. ಈ ಬಾರಿ ಕಲ್ಲು ಹೊಡೆದ ಹಾಗಿರಲಿಲ್ಲ, ಹಳೇ ಬಟ್ಟೆ ಹರಿದ ಹಾಗಿತ್ತು. ಟ್ರ್ಯಾಕ್ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ನೋವಿಗಿಂತ ಜಾಸ್ತಿ ನನ್ನ ಮೇಲಿನ ಸಿಟ್ಟಿಗೆ.

ಆಮೇಲೆ ಸಿಕ್ಕಿದ ಫಿಸಿಯೋ ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ. ಮೊದಲ ದಿನ ಮುಕ್ಕಾಲು ಗಂಟೆ ಬರೀ ಪ್ರಶ್ನೆ ಕೇಳಿದಳು. ಎಂ.ಆರ್.ಐ. ಮಾಡಿಸಿದಳು. ತೊಡೆಯ ಹಿಂದೆ ಇರುವ ಮೂರು ಸ್ನಾಯುಗಳನ್ನು ಸೇರಿಸಿ ಹ್ಯಾಮ್‌ಸ್ಟ್ರಿಂಗ್ ಅನ್ನುತ್ತಾರೆ. ವೇಗವಾಗಿ ಓಡುವವರಿಗೆ ಜಾಸ್ತಿ ಹರಿಯುವುದು ಅದರಲ್ಲಿ ಹೊರಬದಿಯ ಬೈಸೆಪ್ಸ್ ಫೆಮೊರಿಸ್. ನನ್ನದೂ ಅದೇ. ಆದರೆ ಸೀಳು ಬರೀ ಮಾಂಸದಲ್ಲಿ ನಿಂತಿರಲಿಲ್ಲ, ಸ್ನಾಯುವನ್ನು ಮೂಳೆಗೆ ಬಿಗಿಯುವ, ಅದರ ಒಳಗೂ ಹಾದುಹೋಗುವ ಗಟ್ಟಿ ಹುರಿ, ಅಂದರೆ ಟೆಂಡನ್‌ವರೆಗೂ ಹೋಗಿತ್ತು. "ಬಾಳೆಎಲೆ ಗೊತ್ತಲ್ವಾ ಮೇಡಂ, ಎಲೆ ಸೀಳಿದ್ರೆ ಊಟಕ್ಕೆ ತೊಂದರೆ ಇಲ್ಲ. ನಿಮಗೆ ನಡುವಿನ ದಂಟು ಸೀಳಿದೆ" ಅಂದಳು. ಸ್ನಾಯುವಿಗೆ ರಕ್ತದ ಓಡಾಟ ಚೆನ್ನಾಗಿರುತ್ತದೆ, ಬೇಗ ಕೂಡಿಕೊಳ್ಳುತ್ತದೆ. ಟೆಂಡನ್‌ಗೆ ರಕ್ತ ಹೋಗುವುದೇ ಕಡಿಮೆ, ಅದು ನಿಧಾನ. ಜೊತೆಗೆ ಗಾಯ ಕೂರುವ ಮೂಳೆಗೆ ಹತ್ತಿರವಾದಷ್ಟೂ ದಿನ ಜಾಸ್ತಿ ಹಿಡಿಯುತ್ತದೆ.

ನೋವು ಹೋದ ಮೇಲೂ ಯಾಕೆ ಹರಿಯಿತು ಅಂತ ಕೇಳಿದೆ. ನನಗೆ ಅತಿ ಹೆಚ್ಚು ಉಪಯೋಗವಾದ ಉತ್ತರ ಅದೇ. ಎರಡು ಮೂರು ವಾರಕ್ಕೆ ಗಾಯದ ಜಾಗದಲ್ಲಿ ತೇಪೆ ಬಿದ್ದಿರುತ್ತದೆ, ನೋವು ನಿಲ್ಲುತ್ತದೆ. ಆದರೆ ತೇಪೆಯ ಎಳೆಗಳು ಇನ್ನೂ ಅಡ್ಡಾದಿಡ್ಡಿ. ಅವು ಎಳೆತದ ದಿಕ್ಕಿಗೆ ಸಾಲಾಗಿ ಗಟ್ಟಿಯಾಗಲು ತಿಂಗಳುಗಳೇ ಬೇಕು, ಅದೂ ಹದವಾಗಿ ಭಾರ ಹಾಕುತ್ತಾ ಹೋದರೆ ಮಾತ್ರ. ನಡೆಯುವಾಗ, ಜಾಗಿಂಗ್ ಮಾಡುವಾಗ ಈ ಸ್ನಾಯುವಿಗೆ ಹೆಚ್ಚು ಕೆಲಸವಿಲ್ಲ. ಜೋರಾಗಿ ಓಡುವಾಗ ಮುಂದಕ್ಕೆ ಬೀಸಿದ ಕಾಲನ್ನು ಪಾದ ನೆಲ ಮುಟ್ಟುವ ಮುಂಚೆ ಬ್ರೇಕ್ ಹಾಕಿ ಹಿಡಿಯಬೇಕು. ಆಗ ಸ್ನಾಯು ಉದ್ದಕ್ಕೆ ಎಳೆದುಕೊಂಡೇ ಬಲ ಹಾಕುತ್ತದೆ. ರಂಗೋಲಿಗೆ ಬಗ್ಗಿದಾಗಲೂ ಅದು ಉದ್ದವಾಗುತ್ತದೆ. ಮೂರನೇ ಸಾಲಿನ ಚುಕ್ಕಿ ಹೇಳಿದ್ದು ಅದನ್ನೇ.

"ಎಷ್ಟು ದಿನ ಬೇಕು" ಅಂದರೆ ಅವಳು ದಿನದ ಲೆಕ್ಕ ಕೊಡಲಿಲ್ಲ. ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಅನ್ನುವ ಸಂಶೋಧಕರ ಕೆಲಸದ ಬಗ್ಗೆ ಹೇಳಿದಳು. ಹ್ಯಾಮ್‌ಸ್ಟ್ರಿಂಗ್ ಹರಿದ 56 ಓಟಗಾರರನ್ನೂ ಜಿಗಿತಗಾರರನ್ನೂ ಅವರು ಎರಡು ಗುಂಪು ಮಾಡಿದ್ದರು. ಸ್ನಾಯುವನ್ನು ಉದ್ದ ಮಾಡುತ್ತಲೇ ಭಾರ ಹಾಕುವ ವ್ಯಾಯಾಮ ಮಾಡಿದವರು ಸರಾಸರಿ 49 ದಿನಕ್ಕೆ ತರಬೇತಿಗೆ ಮರಳಿದರು. ಮಾಮೂಲಿ ವ್ಯಾಯಾಮ ಮಾಡಿದವರಿಗೆ 86 ದಿನ ಬೇಕಾಯಿತು. ನನ್ನದು ಎರಡು ಸಲ ಹರಿದದ್ದು, ವಯಸ್ಸು 41, ಕೆಲಸ ನಿಂತುಕೊಳ್ಳುವುದು. 49 ಅನ್ನು ಮರೆತುಬಿಡಿ ಅಂದಳು.

ಜಿಮ್‌ಗೆ ಹೋಗುವಷ್ಟು ಹೊತ್ತೂ ದುಡ್ಡೂ ಇರಲಿಲ್ಲ, ಮನೆಯಲ್ಲಿ ಇದ್ದದ್ದರಲ್ಲೇ ಮಾಡಿದೆ. ಮೊದಮೊದಲು ಬೆನ್ನ ಮೇಲೆ ಮಲಗಿ, ಹಿಮ್ಮಡಿ ಕುರ್ಚಿಯ ಮೇಲಿಟ್ಟು ಸೊಂಟ ಎತ್ತಿ ಮೂವತ್ತು ಸೆಕೆಂಡ್ ಹಿಡಿಯುವುದು, ಐದು ಸಲ. ಆಮೇಲೆ ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಉಪಯೋಗಕ್ಕೆ ಬಂತು. ಹಿಮ್ಮಡಿ ಕೆಳಗೆ ಹಳೇ ಬನಿಯನ್ ಬಟ್ಟೆ ಇಟ್ಟು, ಸೊಂಟ ಎತ್ತಿಕೊಂಡು ಕಾಲನ್ನು ನಿಧಾನವಾಗಿ ಮುಂದಕ್ಕೆ ಜಾರಿಸುವುದು. ಮೊದಲ ದಿನ ನಾಲ್ಕಕ್ಕೇ ತೊಡೆ ನಡುಗಿತು. ಬಗ್ಗಿ ಭಾರ ಎತ್ತುವುದಕ್ಕೆ ಶಾಲೆಯ ಶಾಟ್‌ಪುಟ್ ಗುಂಡುಗಳು ಇದ್ದವು. ನಾಲ್ಕು ಕೆ.ಜಿ.ಯದು ಒಂದು, ಐದು ಕೆ.ಜಿ.ಯದು ಒಂದು, ಎರಡನ್ನೂ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಶುರು ಮಾಡಿದೆ. ಅಕ್ಟೋಬರ್ ಕೊನೆಗೆ 25 ಕೆ.ಜಿ. ಅಕ್ಕಿ ಮೂಟೆಗೆ ಬಂದೆ. ನಾನು ಅಡುಗೆಮನೆಯಲ್ಲಿ ಮೂಟೆ ಎತ್ತಿ ಇಳಿಸಿ, ಎತ್ತಿ ಇಳಿಸಿ ಮಾಡುವುದನ್ನು ನೋಡಿ ಅತ್ತೆ ಪಕ್ಕದ ಮನೆಯವರಿಗೆ ಏನು ಹೇಳಿದರೋ ಗೊತ್ತಿಲ್ಲ.

ನೋವಿಗೆ ಮಾರ್ಕ್ಸ್ ಕೊಡುವುದನ್ನು ಕಲಿತೆ. ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರರವರೆಗೆ ಬಂದರೆ ಪರವಾಗಿಲ್ಲ. ಆದರೆ ಮರುದಿನ ಬೆಳಿಗ್ಗೆ ಮೊದಲಿನಷ್ಟಕ್ಕೇ ಇಳಿದಿರಬೇಕು. ಇಳಿದಿಲ್ಲ ಅಂದರೆ ಭಾರ ಜಾಸ್ತಿಯಾಯಿತು ಅಂತ ಅರ್ಥ. ಹಾಜರಿ ಪುಸ್ತಕದ ಹಾಗೆ ಗೆರೆ ಹೊಡೆದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಒಂದು ಕಾಲಂ ಪೂರ್ತಿ ರಂಗೋಲಿಗೆ. ಎಷ್ಟನೇ ಸಾಲಿಗೆ ಸೆಳೆಯಿತು ಅಂತ ದಿನಾ ಬರೆಯುತ್ತಿದ್ದೆ.

ಈ ಗಾಯದ ದೊಡ್ಡ ಕಾಟ ಕೂರುವುದು. ಸ್ಟಾಫ್ ರೂಮಿನ ಮರದ ಕುರ್ಚಿಯ ಅಂಚು ಸರಿಯಾಗಿ ಗಾಯದ ಮೇಲೇ ಒತ್ತುತ್ತಿತ್ತು. ಟವೆಲ್ ಸುತ್ತಿ ಎಡಗಡೆ ಮಾತ್ರ ಇಟ್ಟು ಕೂರುತ್ತಿದ್ದೆ, ಬಲ ತೊಡೆ ಗಾಳಿಯಲ್ಲಿ. ಸ್ಕೂಟರ್‌ಗೆ ಸೆಂಟರ್ ಸ್ಟ್ಯಾಂಡ್ ಹಾಕುವುದನ್ನು ನಾಲ್ಕು ತಿಂಗಳು ಬಿಟ್ಟೆ. ನವರಾತ್ರಿಯಲ್ಲಿ ಗೊಂಬೆ ನೋಡಲು ಕರೆದವರ ಮನೆಯಲ್ಲೆಲ್ಲ ನಿಂತೇ ಚರ್ಪು ತಿಂದೆ.

ಮನಸ್ಸಿನ ವಿಷಯ ಹೇಳದೆ ಹೋದರೆ ಸುಳ್ಳಾಗುತ್ತದೆ. ಕೈಮುರಿದವರಿಗೆ ಪ್ಲಾಸ್ಟರ್ ಆದರೂ ಕಾಣುತ್ತದೆ. ನನ್ನದು ಹೊರಗೆ ಏನೂ ಕಾಣದ ಗಾಯ. "ಇನ್ನೂ ಹುಷಾರಾಗಿಲ್ವಾ?" ಅಂತ ಕೇಳಿದವರಿಗೆಲ್ಲ ಏನು ಹೇಳುವುದು? ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತಿತ್ತು, ಹೋಗಲು ಜಾಗವಿಲ್ಲ. ಮಕ್ಕಳ ಮೇಲೆ ಸುಮ್ನೆ ರೇಗಿದೆ. ಜೊತೆಯಲ್ಲಿ ಓಡುವ ಗೆಳತಿಯರ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿದೆ. ಒಂದು ದಿನ ಎಂಟನೇ ಕ್ಲಾಸಿನ ಹುಡುಗನೊಬ್ಬ, "ಕೆ.ಎಲ್. ರಾಹುಲ್‌ಗೂ ಹೀಗೇ ಆಗಿತ್ತು ಅಲ್ವಾ ಮಿಸ್" ಅಂದ. ಹೌದು, ಅವರದು ತೊಡೆಯ ಮುಂಭಾಗ. 2023ರ ಮೇನಲ್ಲಿ ಗಾಯ, ಆಪರೇಷನ್, ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111. ಎಲ್ಲರಿಗೂ ನೆನಪಿರುವುದು ಅಷ್ಟೇ. 2024ರ ಜನವರಿಯಲ್ಲಿ ಹೈದರಾಬಾದ್ ಟೆಸ್ಟ್ ಆದ ಮೇಲೆ ಅದೇ ತೊಡೆ ಮತ್ತೆ ನೋಯಿತು, ಇಂಗ್ಲೆಂಡ್ ವಿರುದ್ಧದ ಉಳಿದ ನಾಲ್ಕೂ ಟೆಸ್ಟ್ ಆಡಲಾಗಲಿಲ್ಲ. ಅಷ್ಟು ಡಾಕ್ಟರುಗಳು ಸುತ್ತ ಇದ್ದವರಿಗೇ ಹೀಗೆ. ಯಾಕೋ ಅದನ್ನು ನೆನೆದು ಸ್ವಲ್ಪ ಹಗುರಾದೆ.

ನವೆಂಬರ್‌ನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಒಪ್ಪಿಗೆ ಸಿಕ್ಕಿತು. ಹತ್ತುವಾಗ ಹೆಜ್ಜೆ ಗಿಡ್ಡ, ಕಾಲು ಮುಂದಕ್ಕೆ ಬೀಸುವ ಕೆಲಸವಿಲ್ಲ. ಹಾಗಾಗಿ ಈ ಸ್ನಾಯುವಿಗೆ ಎಳೆತ ಕಡಿಮೆ, ಆದರೆ ಉಸಿರಿಗೆ ಪೂರ್ತಿ ಕೆಲಸ. ಮೊದಲ ವಾರ ನಂದಿಯವರೆಗೆ, ಆಮೇಲೆ ಮೇಲಿನವರೆಗೆ. ಇಳಿಯಲು ಮಾತ್ರ ಬಸ್ಸು. ಮೂರು ತಿಂಗಳ ಮೇಲೆ ಮೊದಲ ಸಲ ಬೆವರು ಕಣ್ಣಿಗೆ ಇಳಿಯಿತು. ಅವತ್ತು ಮನೆಗೆ ಬಂದು ವಾಟ್ಸಾಪ್ ಗುಂಪನ್ನು ಅನ್‌ಮ್ಯೂಟ್ ಮಾಡಿದೆ.

ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಶುರುವಾಯಿತು. ದಿನಾ ದೊಡ್ಡ ರಂಗೋಲಿ. ನೋಟ್‌ಬುಕ್ಕಿನ ಆ ಕಾಲಂ ಒಂಬತ್ತನೇ ಸಾಲು, ಹನ್ನೊಂದನೇ ಸಾಲು ಅಂತ ಹೋಗಿ, ಸಂಕ್ರಾಂತಿಗೆ ಖಾಲಿ ಉಳಿಯಿತು. ಅಷ್ಟರಲ್ಲಿ ವಾರಕ್ಕೆ ಎರಡು ದಿನ ಟ್ರ್ಯಾಕಿಗೂ ಹೋಗುತ್ತಿದ್ದೆ. ಅರ್ಧ ವೇಗದಲ್ಲಿ 60 ಮೀಟರ್, ನಡೆದು ವಾಪಸ್ಸು, ಮತ್ತೆ 60. ವೇಗ ಹೆಚ್ಚಿಸುವುದು ವಾರಕ್ಕೆ ಒಂದು ಚೂರು ಮಾತ್ರ. ನಾರ್ಡಿಕ್ ಅಂತ ಒಂದು ವ್ಯಾಯಾಮ ಇದೆ, ಮಂಡಿಯೂರಿ ನಿಂತು ಮುಂದಕ್ಕೆ ನಿಧಾನವಾಗಿ ಬೀಳುವುದು. ಕಬಡ್ಡಿ ತಂಡದ ಹುಡುಗಿಯರು ಇಬ್ಬರು ನನ್ನ ಕಾಲು ಹಿಡಿಯುತ್ತಿದ್ದರು. ಮಿಸ್ ಮುಖ ನೆಲಕ್ಕೆ ಬಡಿಯುತ್ತಾ ಅಂತ ಕಾದು ನೋಡುವ ಖುಷಿ ಅವರಿಗೆ.

ಜನವರಿ ಕೊನೆಯಲ್ಲಿ ಫಿಸಿಯೋ ಕೊನೆಯ ಪರೀಕ್ಷೆ ಮಾಡಿದಳು. ಇದೂ ಆಸ್ಕ್ಲಿಂಗ್ ಅವರದೇ. ಮಂಡಿ ಮಡಿಸಲಾಗದ ಹಾಗೆ ಪಟ್ಟಿ ಕಟ್ಟಿ, ಬೆನ್ನ ಮೇಲೆ ಮಲಗಿಸಿ, ಕಾಲನ್ನು ನೇರವಾಗಿ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಮೇಲಕ್ಕೆ ಬೀಸಬೇಕು. ಮೂರು ಸಲ ಬೀಸಿದೆ. ನೋವಾಯಿತಾ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ.

"ಭಯ ಆಯ್ತಾ ಮೇಡಂ?"

"ಸ್ವಲ್ಪ."

"ಹಾಗಾದ್ರೆ ಇನ್ನೊಂದು ವಾರ."

ನನಗೆ ಅಂಥ ಸಿಟ್ಟು ಬಂತು. ಆದರೆ ಒಂದು ವಾರ ಕಾದೆ. ಎರಡನೇ ಸಲ ಕಾಲು ತಾನಾಗಿಯೇ ಮೇಲೆ ಹೋಯಿತು.

ಫೆಬ್ರವರಿ ಕೊನೆಯ ಭಾನುವಾರ ಒಂದು ಸಣ್ಣ ಕೂಟದಲ್ಲಿ 200 ಮೀಟರ್ ಮಾತ್ರ ಓಡಿದೆ. 33.4 ಸೆಕೆಂಡ್. ಗಾಯಕ್ಕೆ ಮುಂಚೆ 31.6 ಓಡುತ್ತಿದ್ದೆ. ಐದನೆಯವಳಾಗಿ ಬಂದೆ. ಕಾಲು ಏನೂ ಅನ್ನಲಿಲ್ಲ. ಈಗಲೂ ಚಳಿಯ ಬೆಳಿಗ್ಗೆ ಆ ಜಾಗ ಸ್ವಲ್ಪ ಬಿಗಿ ಅನ್ನಿಸುತ್ತದೆ, ಅಕ್ಕಿ ಮೂಟೆ ವಾರಕ್ಕೆ ಎರಡು ಸಲ ಮೇಲೇಳುತ್ತದೆ.

ಹಿಂದೆ ತಿರುಗಿ ನೋಡುತ್ತಿದ್ದ ಹುಡುಗಿ ಮರುವರ್ಷ ಹತ್ತನೇ ಕ್ಲಾಸಿಗೆ ಬಂದಳು. ಆಗಲೂ ತಿರುಗಿ ನೋಡುತ್ತಿದ್ದಳು. "ಒಂದು ಸಲ ತೋರಿಸಿ ಮಿಸ್" ಅಂದಳು. ಎರಡು ರೌಂಡ್ ಓಡಿ, ಕಾಲು ಬೀಸಿ, ಮೂರು ಸಲ ಅರ್ಧ ವೇಗದಲ್ಲಿ ಓಡಿ, ಶೂ ಲೇಸ್ ಬಿಗಿ ಮಾಡಿಕೊಂಡು ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಆಗಿತ್ತು. ಶಾಲೆ ಬಿಡುವ ಬೆಲ್ ಹೊಡೆಯಿತು.