ಕ್ಯೂಆರ್ ಅಂಟಿಸಿದರೆ ಸಮೀಕ್ಷೆ ಆಗುವುದಿಲ್ಲ

ಗಲ್ಲಾದ ಪಕ್ಕ ಒಂದು ಕ್ಯೂಆರ್ ಕೋಡ್, ಕೆಳಗೆ ‘ನಿಮ್ಮ ಅಭಿಪ್ರಾಯ ತಿಳಿಸಿ’. ತಿಂಗಳ ಕೊನೆಗೆ ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಐದು ಸ್ಟಾರ್. ಅದನ್ನೇ ನಂಬಿ ಮೆನು, ಬೆಲೆ, ಸಮಯ ಎಲ್ಲ ಬದಲಿಸುವ ಮಾಲೀಕರಿದ್ದಾರೆ. ಸ್ಕ್ಯಾನ್ ಮಾಡದೆ ಎದ್ದು ಹೋದವರಿಗೆ ಏನನ್ನಿಸಿತು ಎಂಬ ಯೋಚನೆಯೇ ಬರುವುದಿಲ್ಲ.

ಒಂದು ದರ್ಶಿನಿಯನ್ನು ಇಟ್ಟುಕೊಂಡೇ ನೋಡೋಣ. ರಾತ್ರಿ ಒಂಬತ್ತರ ನಂತರವೂ ತೆರೆದಿಡಬೇಕೇ ಎಂಬುದು ಪ್ರಶ್ನೆ.

ಹೆಜ್ಜೆ 1: ಯಾರ ಬಗ್ಗೆ ತಿಳಿಯಬೇಕು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಆ ಇಡೀ ಗುಂಪೇ ಪಾಪ್ಯುಲೇಷನ್. ‘ನಮ್ಮ ಗಿರಾಕಿಗಳು’ ಅಂದರೆ ಸಾಲದು. ‘ಕಳೆದ ತಿಂಗಳು ಒಮ್ಮೆಯಾದರೂ ನಮ್ಮಲ್ಲಿ ತಿಂದವರು’ ಅಂದರೆ ಸ್ಪಷ್ಟ. ಆದರೆ ಒಂಬತ್ತೂವರೆಗೆ ಬಂದು ಶಟರ್ ನೋಡಿ ವಾಪಸ್ ಹೋದವರು ಇದರಲ್ಲಿ ಇಲ್ಲವೇ ಇಲ್ಲ, ಅಲ್ವಾ? ಅವರಿಗಾಗಿ ಆ ಹೊತ್ತಿನಲ್ಲಿ ಹತ್ತಿರದ ಪಿಜಿ, ಬಸ್ ಸ್ಟಾಪ್ ಬಳಿ ಬೇರೆಯಾಗಿ ಕೇಳಬೇಕು. ಎರಡೂ ಲೆಕ್ಕ ಕಲಸಬೇಡಿ.

ಹೆಜ್ಜೆ 2: ಸ್ಯಾಂಪಲ್, ಅಂದರೆ ಆ ಗುಂಪಿನಿಂದ ನಾವು ಕೇಳುವ ಕೆಲವರನ್ನು, ಆರಿಸುವುದು. ಎಡವುವುದೆಲ್ಲ ಇಲ್ಲೇ. ‘ಯಾರನ್ನಾದರೂ ಕೇಳು’ ಅಂತ ಹುಡುಗನಿಗೆ ಹೇಳಿದರೆ ಅವನು ನಗುಮುಖದವರನ್ನು, ಅವಸರ ಇಲ್ಲದವರನ್ನು ಹುಡುಕಿಕೊಂಡು ಹೋಗುತ್ತಾನೆ. ಆಯ್ಕೆ ಅವನ ಕೈಯಲ್ಲಿ ಇರಲೇಬಾರದು. 1ರಿಂದ 20ರವರೆಗೆ ಚೀಟಿ ಬರೆದು ಒಂದನ್ನು ಎತ್ತಿ. 7 ಬಂತು ಅನ್ನಿ, 7ನೇ ಬಿಲ್ಲು, 27ನೇ ಬಿಲ್ಲು, 47ನೇ ಬಿಲ್ಲು ಹೀಗೆ ಕೇಳುತ್ತಾ ಹೋಗಿ. ಬೆಳಗಿನ ಇಡ್ಲಿ ಹೊತ್ತಿನಿಂದ ಶಟರ್ ಎಳೆಯುವವರೆಗೆ, ವಾರದ ಏಳೂ ದಿನ. ಹಬ್ಬದ ವಾರ ಬೇಡ. ಬಿಲ್ಲು ಒಂದೇ, ಟೇಬಲ್ಲಿನಲ್ಲಿ ನಾಲ್ವರಿದ್ದರೆ, ಯಾರ ಹುಟ್ಟುಹಬ್ಬ ಮುಂದೆ ಬೇಗ ಬರುತ್ತದೋ ಅವರನ್ನು ಕೇಳಿ. ಇಲ್ಲದಿದ್ದರೆ ಯಾವಾಗಲೂ ದುಡ್ಡು ಕೊಡುವವರೇ ಮಾತಾಡುತ್ತಾರೆ.

ಇಷ್ಟಾದರೂ ಒಂದು ಓರೆ ಉಳಿಯುತ್ತದೆ. ದಿನಾ ಬರುವವರ ಹೆಸರಲ್ಲಿ ತಿಂಗಳಿಗೆ ಮೂವತ್ತು ಬಿಲ್ಲು, ಅಪರೂಪಕ್ಕೆ ಬರುವವರದ್ದು ಒಂದೇ. ಹಾಗಾಗಿ ದಿನಾ ಬರುವವರು ಸಿಗುವ ಸಾಧ್ಯತೆ ಮೂವತ್ತು ಪಟ್ಟು ಜಾಸ್ತಿ. ‘ಕಳೆದ ತಿಂಗಳು ಎಷ್ಟು ಸಲ ಬಂದಿರಿ?’ ಅಂತ ತಪ್ಪದೆ ಕೇಳಿ. ಲೆಕ್ಕ ಹಾಕುವಾಗ ಮೂವತ್ತು ಸಲ ಬಂದವರ ಉತ್ತರಕ್ಕೆ ಮೂವತ್ತನೇ ಒಂದು ಪಾಲು, ಒಮ್ಮೆ ಬಂದವರದ್ದಕ್ಕೆ ಪೂರ್ತಿ ಒಂದು.

ಹೆಜ್ಜೆ 3: ಎಷ್ಟು ಜನ? ಸರಿಯಾಗಿ ಆರಿಸಿದ 100 ಜನರಾದರೆ ಸಿಕ್ಕ ಲೆಕ್ಕ ನಿಜಕ್ಕಿಂತ ಸಾಮಾನ್ಯವಾಗಿ ಶೇ 10ರವರೆಗೆ ಆಚೀಚೆ ಆಗಬಹುದು, 400 ಆದರೆ ಶೇ 5. ದರ್ಶಿನಿಗೆ 400 ಧಾರಾಳ. ‘ಸಾವಿರ ಉತ್ತರ ಗ್ಯಾರಂಟಿ’ ಅನ್ನುವ ಪ್ಯಾಕೇಜ್‌ಗಳಿಗೆ ದುಡ್ಡು ಸುರಿಯಬೇಡಿ. ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 1936ರ ಅಧ್ಯಕ್ಷ ಚುನಾವಣೆಗೆ ಮುನ್ನ, ಯಾರು ಗೆಲ್ಲುತ್ತಾರೆ ಅಂತ ತಿಳಿಯಲು ಸುಮಾರು 1 ಕೋಟಿ ಜನರಿಗೆ ಸಮೀಕ್ಷೆಯ ಮತಚೀಟಿ ಕಳಿಸಿತು. ವಾಪಸ್ ಬಂದದ್ದು 20 ಲಕ್ಷಕ್ಕೂ ಹೆಚ್ಚು. ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸಗಳು ಹೆಚ್ಚಾಗಿ ಫೋನ್, ಕಾರು ಇದ್ದವರ ಪಟ್ಟಿಯಿಂದ ಬಂದಿದ್ದವು. ಜೊತೆಗೆ, ರೂಸ್‌ವೆಲ್ಟ್ ಬೇಡ ಅನ್ನುವವರೇ ಜಾಸ್ತಿ ಉತ್ತರ ಕಳಿಸಿದ್ದರು. ಓರೆಯಾದ ಸ್ಯಾಂಪಲ್ ಎಷ್ಟು ದೊಡ್ಡದಾದರೂ ನೆಟ್ಟಗಾಗುವುದಿಲ್ಲ.

ಹೆಜ್ಜೆ 4: ಪ್ರಶ್ನೆ. ‘ನಮ್ಮ ರುಚಿಯಾದ ಊಟ ರಾತ್ರಿಯೂ ಸಿಕ್ಕರೆ ಬರುತ್ತೀರಾ?’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಕಳೆದ ವಾರ ಎಷ್ಟು ರಾತ್ರಿ ಒಂಬತ್ತರ ನಂತರ ಹೊರಗೆ ತಿಂದಿರಿ?’ ಅಂತ ಕೇಳಿ. ಮಾಲೀಕರು ಎದುರಿಗೆ ನಿಲ್ಲಬಾರದು. ಮುಖ ನೋಡಿಕೊಂಡು ‘ಚೆನ್ನಾಗಿಲ್ಲ’ ಅನ್ನುವವರು ಕಡಿಮೆ. ಕೂಪನ್ ಆಸೆಯೂ ಬೇಡ.

ಹೆಜ್ಜೆ 5: ಉತ್ತರ ಕೊಡದವರನ್ನು ಬಿಟ್ಟುಬಿಡಬೇಡಿ. ಒಲ್ಲೆ ಅಂದವರ ಬದಲು ಪಕ್ಕದ ಟೇಬಲ್ಲಿನವರನ್ನು ಹಿಡಿಯುವುದು ಎಲ್ಲರೂ ಮಾಡುವ ಅಡ್ಡದಾರಿ. ಒಲ್ಲೆ ಅಂದವರ ಲೆಕ್ಕ, ಹೊತ್ತು ಬರೆದಿಡಿ. ಸಾಧ್ಯವಾದರೆ ಒಂದೇ ಒಂದು ಪ್ರಶ್ನೆಗಾದರೂ ಅವರಿಂದ ಉತ್ತರ ಪಡೆಯಿರಿ. ಅವಸರದಲ್ಲಿ ಒಲ್ಲೆ ಅಂದವರು ಹೆಚ್ಚಾಗಿ ಆಫೀಸಿಗೆ ಓಡುವವರಾದರೆ, ನಿಮ್ಮ ಕೈಯಲ್ಲಿರುವುದು ಬಿಡುವಿದ್ದವರ ಅಭಿಪ್ರಾಯ. ಫಲಿತಾಂಶ ಬರೆಯುವಾಗ ‘ಕೇಳಿದ್ದು ಇಷ್ಟು, ಉತ್ತರ ಕೊಟ್ಟದ್ದು ಇಷ್ಟು’ ಎಂಬುದು ಮೊದಲ ಸಾಲಿನಲ್ಲೇ ಇರಲಿ.