ಕಬ್ಬಿನ ರಚ್ಚಿನಿಂದ ಪ್ಲಾಸ್ಟಿಕ್ ತೆಗೆಯುವುದು ಹೇಗೆ?

ಆಲೆಮನೆಯಲ್ಲಿ ಗಾಣದಿಂದ ಹೊರಬೀಳುವ ರಚ್ಚನ್ನು ಕೈಯಲ್ಲಿ ಹಿಡಿದು ನೋಡಿ. ಬರೀ ಒಣ ನಾರು ಅನ್ನಿಸುತ್ತದೆ. ಆದರೆ ಕಬ್ಬಿನ ಹಾಲು ಹಿಂಡಿದ ಮೇಲೂ ಅದರ ಒಣ ತೂಕದ ಸುಮಾರು ಮೂರನೇ ಎರಡು ಪಾಲು ಸಕ್ಕರೆಯ ಸರಪಳಿಯೇ. ಅದನ್ನು ಬಿಡಿಸಿ ಬ್ಯಾಕ್ಟೀರಿಯಾಗೆ ಉಣಿಸಿದರೆ ಪಿಎಚ್‌ಬಿ (ಪಾಲಿಹೈಡ್ರಾಕ್ಸಿಬ್ಯುಟಿರೇಟ್) ಎಂಬ, ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್ ಸಿಗುತ್ತದೆ. ಇಂಥ ಪ್ಲಾಸ್ಟಿಕ್‌ಗಾಗಿ ಜನರ ಊಟದ ಮೆಕ್ಕೆಜೋಳಕ್ಕೆ ಕೈ ಹಾಕಬೇಕಿಲ್ಲ. ಬ್ಯಾಕ್ಟೀರಿಯಾದೊಳಗೆ ಈ ವಸ್ತು ಇರುವುದನ್ನು 1920ರ ದಶಕದಲ್ಲೇ ಫ್ರಾನ್ಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿ ಮಾರೀಸ್ ಲೆಮ್ವಾನ್ ಕಂಡುಕೊಂಡಿದ್ದರು.

ಮೊದಲು ರಚ್ಚನ್ನು ತೊಳೆದು, ಒಣಗಿಸಿ, ರವೆಯ ಹಾಗೆ ಪುಡಿ ಮಾಡಿ. ನೂರು ಪಾಲು ನೀರಿಗೆ ಒಂದೆರಡು ಪಾಲು ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಪುಡಿ ನೆನೆಸಿ, ಆಟೊಕ್ಲೇವ್‌ನಲ್ಲಿ (ಪ್ರೆಶರ್ ಕುಕ್ಕರ್‌ನಂಥ ಪ್ರಯೋಗಾಲಯದ ಪಾತ್ರೆ) 121 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದು ಗಂಟೆ ಬೇಯಿಸಿ. ಕ್ಸೈಲೋಸ್ ಸಕ್ಕರೆ ನೀರಿಗಿಳಿಯುತ್ತದೆ. ಉಳಿದ ನಾರಿಗೆ ಅದನ್ನು ಒಡೆಯುವ ಸೆಲ್ಯುಲೇಸ್ ಕಿಣ್ವ ಹಾಕಿ 50 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟರೆ ಗ್ಲೂಕೋಸ್ ಬರುತ್ತದೆ.

ಮುಂದಿನ ಹೆಜ್ಜೆಗೆ ಅವಸರ ಬೇಡ. ಆಮ್ಲದಲ್ಲಿ ಬೆಂದ ರಸದಲ್ಲಿ ಫರ್ಫ್ಯುರಾಲ್ ಹುಟ್ಟಿರುತ್ತದೆ, ಅದು ಬ್ಯಾಕ್ಟೀರಿಯಾಗೆ ವಿಷ. ಬೆಲ್ಲ ಮಾಡುವವರು ಕಬ್ಬಿನ ಹಾಲಿಗೆ ಸುಣ್ಣ ಹಾಕಿ ತಿಳಿ ಮಾಡುತ್ತಾರಲ್ವಾ? ಇಲ್ಲೂ ಸುಣ್ಣವೇ ಬೇಕು. ಗಸಿ ಸೋಸಿ, ಸಕ್ರಿಯ ಇದ್ದಿಲಿನ ಪುಡಿ ಕಲಸಿ, ಇನ್ನೊಮ್ಮೆ ಸೋಸಿ. ಆಮೇಲೆ ಪಿಎಚ್ 7ಕ್ಕೆ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಮಟ್ಟಕ್ಕೆ ತನ್ನಿ.

ಬ್ಯಾಕ್ಟೀರಿಯಾ ಯಾವುದು? ಪ್ಯಾರಾಬರ್ಕ್‌ಹೋಲ್ಡೇರಿಯಾ ಸಕ್ಕರಿ (ಮೊದಲಿನ ಹೆಸರು ಬರ್ಕ್‌ಹೋಲ್ಡೇರಿಯಾ ಸಕ್ಕರಿ). ಬ್ರೆಜಿಲ್‌ನ ಕಬ್ಬಿನ ಗದ್ದೆಯ ಮಣ್ಣಲ್ಲೇ ಸಿಕ್ಕಿದ್ದು, ಕ್ಸೈಲೋಸ್, ಗ್ಲೂಕೋಸ್ ಎರಡೂ ಸಕ್ಕರೆಯನ್ನು ತಿನ್ನುತ್ತದೆ. ಸಕ್ಕರೆಯ ರಸದಲ್ಲಿ ಅದನ್ನು 30 ಡಿಗ್ರಿಯಲ್ಲಿ, ಗಾಳಿ ಚೆನ್ನಾಗಿ ಸೇರುವಂತೆ ಕುಲುಕುತ್ತಾ ಬೆಳೆಸಿ. ಗುಟ್ಟು ಇರುವುದು ಸಾರಜನಕದಲ್ಲಿ. ಸಾರಜನಕ ಒದಗಿಸುವ ಅಮೋನಿಯಂ ಸಲ್ಫೇಟನ್ನು ಲೆಕ್ಕ ಹಾಕಿ ಕಡಿಮೆಯೇ ಹಾಕಬೇಕು. ಅದು ಮುಗಿದು ಸಕ್ಕರೆ ಮಾತ್ರ ಉಳಿದಾಗ ಬ್ಯಾಕ್ಟೀರಿಯಾ ಮರಿ ಹಾಕಲಾರದು. ನಮ್ಮ ಹಿರಿಯರು ಹಗೇವಿನಲ್ಲಿ ಕಾಳು ತುಂಬಿಟ್ಟ ಹಾಗೆ ಸಕ್ಕರೆಯನ್ನೆಲ್ಲ ಪಿಎಚ್‌ಬಿ ಮಾಡಿ ಒಳಗೆ ಕೂಡಿಡುತ್ತದೆ. ಬ್ಯಾಕ್ಟೀರಿಯಾದ ಒಣ ತೂಕದ ಅರ್ಧಕ್ಕಿಂತ ಜಾಸ್ತಿ ಅದೇ ಆಗಬಹುದು!

ಕೂಡಿತೋ ಇಲ್ಲವೋ ನೋಡಲು ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಸುಡಾನ್ ಬ್ಲ್ಯಾಕ್ ಬಣ್ಣ, ಆಮೇಲೆ ಸಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ. ಸೂಕ್ಷ್ಮದರ್ಶಕದಲ್ಲಿ ನಸುಗೆಂಪು ಕೋಶದೊಳಗೆ ಕಪ್ಪು ಮಣಿಗಳು ಕಂಡರೆ ಕೆಲಸ ಕೈಗೂಡಿದೆ.

ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ (ಗಿರಗಿರ ತಿರುಗಿಸುವ ಯಂತ್ರ) ತಳಕ್ಕೆ ಕೂರಿಸಿ, ಒಣಗಿಸಿ, ಒಳಗಿನ ಪಿಎಚ್‌ಬಿಯನ್ನು ಬೆಚ್ಚಗಿನ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಸೋಸಿ. ಇದು ಪ್ರಯೋಗಾಲಯದ ಹೊಗೆಗೂಡಿನಲ್ಲಿ (ಫ್ಯೂಮ್ ಹುಡ್) ಮಾಡುವ ಕೆಲಸ, ಮನೆಯಲ್ಲಿ ಖಂಡಿತ ಬೇಡ. ಸೋಸಿದ್ದನ್ನು ತಣ್ಣನೆಯ ಮೆಥನಾಲ್‌ಗೆ ಸುರಿದರೆ ಹಾಲು ಒಡೆದಂತೆ ಬಿಳಿ ಪಿಎಚ್‌ಬಿ ಬೇರ್ಪಡುತ್ತದೆ.

ಇದು ಸುಮಾರು 175 ಡಿಗ್ರಿಗೆ ಕರಗುತ್ತದೆ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಮೆದುವಾಗಿ ಬೇಕಿದ್ದರೆ ಬೆಳೆಸುವಾಗ ಸ್ವಲ್ಪ ಪ್ರೊಪಿಯಾನಿಕ್ ಆಮ್ಲವನ್ನೂ ಉಣಿಸಬೇಕು. ತೆಳು ಹಾಳೆಯೊಂದನ್ನು ತಿಪ್ಪೆಗುಂಡಿಯಲ್ಲಿ ಹೂತಿಟ್ಟು ಕೆಲವು ತಿಂಗಳು ಬಿಟ್ಟು ಅಗೆದು ನೋಡಿ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ಬಂದಿರುತ್ತವೆ.